ಬೀಜಶಯ್ಯೆ ಮತ್ತು ಶಂಕುಧಾರಿ ಸಸಿಗಳ ನೆಲೆಗೊಳ್ಳುವಿಕೆ

ಮರದಿಂದ ಉದುರಿದ ಬೀಜವು ಬಿದ್ದು, ನೆನೆದು, ಮೊಳೆತು, ತನ್ನ ಮೊದಲ ಬೇರನ್ನು ಇಳಿಬಿಡುವ ನೆಲದ ಮೇಲ್ಪದರವೇ ಬೀಜಶಯ್ಯೆ. ಅದು ಬರಿಯ ಮಣ್ಣಾಗಿರಬಹುದು, ತರಗೆಲೆಯ ಹಾಸಾಗಿರಬಹುದು, ಹಾವಸೆಯ ಮೆತ್ತೆಯಾಗಿರಬಹುದು, ಕಾಳ್ಗಿಚ್ಚು ಉಳಿಸಿಹೋದ ಇದ್ದಿಲಿನ ಪದರವಾಗಿರಬಹುದು, ಅಥವಾ ಬಹುಕಾಲದ ಹಿಂದೆ ಉರುಳಿ ಕೊಳೆತು ಮೆತ್ತಗಾದ ಮರದ ದಿಮ್ಮಿಯೇ ಆಗಿರಬಹುದು. ಸಾಮಾನ್ಯವಾಗಿ ಗೇಣುದ್ದವನ್ನು ಮೀರದ ಈ ಪದರದ ತೇವ, ಉಷ್ಣ, ಗಡಸುತನ, ರಾಸಾಯನಿಕ ಗುಣ ಹಾಗೂ ಅದರಲ್ಲಿ ನೆಲಸಿರುವ ಶಿಲೀಂಧ್ರಗಳ ಸ್ವಭಾವ, ಇವುಗಳ ಮೇಲೆಯೇ ಅಗಲೆಲೆಯ ಮರಗಳೊಡನೆ ಬೆರೆತು ಬೆಳೆಯುವ ಸ್ಪ್ರೂಸ್, ಫರ್, ಹೆಮ್ಲಾಕ್, ಪೈನ್, ದೇವದಾರು ಮೊದಲಾದ ಶಂಕುಧಾರಿಗಳ ಮುಂದಿನ ಪೀಳಿಗೆ ಉಂಟಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿದೆ.

ಇಂಥ ಮಿಶ್ರಾರಣ್ಯಗಳು ಉತ್ತರ ಗೋಳಾರ್ಧದ ತಂಪು ನಾಡುಗಳಲ್ಲಿ ವ್ಯಾಪಿಸಿವೆ. ಕೆನಡ ಮತ್ತು ಅಲಾಸ್ಕಗಳಲ್ಲಿ ಬಿಳಿ ಸ್ಪ್ರೂಸ್ ಮರವು ಆಸ್ಪೆನ್ ಹಾಗೂ ಭೂರ್ಜಗಳೊಡನೆ ಬೆಳೆಯುತ್ತದೆ. ಅಮೆರಿಕದ ಮಹಾಸರೋವರಗಳ ಸುತ್ತ ಹೆಮ್ಲಾಕಿಗೆ ಮೇಪಲ್ ಮತ್ತು ಹಳದಿ ಭೂರ್ಜಗಳು ನೆರೆಯವು. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಫರ್ ಮತ್ತು ಸ್ಪ್ರೂಸ್‌ಗಳು ಓಕ್, ಮೇಪಲ್, ಭೂರ್ಜಗಳ ನಡುವೆ ಹರಡಿವೆ. ನಮ್ಮ ಪಶ್ಚಿಮ ಹಿಮಾಲಯದಲ್ಲಿ ದೇವದಾರು, ಸ್ಪ್ರೂಸ್, ಫರ್‌ಗಳು ಓಕ್, ಕಾಡುಅಕ್ರೋಟು, ಮೇಪಲ್, ಹಾರ್ಸ್ ಚೆಸ್ಟ್‌ನಟ್ ಮರಗಳೊಡನೆ ಇಳಿಜಾರುಗಳನ್ನು ತುಂಬಿವೆ. ದಕ್ಷಿಣ ಭಾರತದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಶಂಕುಧಾರಿ, ಪಶ್ಚಿಮ ಘಟ್ಟದ ತೆಂಕಣ ಭಾಗದ ನಾಜಿಯ ವಾಲಿಚಿಯಾನ, ಒಂದೇ ಒಂದು. ಅದರ ಬೀಜ ದೊಡ್ಡದು, ಅದರ ಸಮಸ್ಯೆಗಳೂ ಬೇರೆ, ಆದಕಾರಣ ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಅರಣ್ಯದ ಸಹಜ ಪುನರುತ್ಪತ್ತಿಯನ್ನು ಕುರಿತು ಚಿಂತಿಸಿದ ಹಿಂದಿನ ತಲೆಮಾರಿನವರು ಬೆಳಕಿಗೆ ಪ್ರಾಧಾನ್ಯ ಕೊಟ್ಟರು. ಮೇಲಣ ಚಪ್ಪರವನ್ನು ಎಷ್ಟು ತೆರೆದರೆ ಕೆಳಗೆ ಎಷ್ಟು ಸಸಿ ಏಳುವುದೆಂಬ ಲೆಕ್ಕವೇ ಅವರ ಮುಖ್ಯ ವಿಚಾರವಾಗಿತ್ತು. ನೆಲದತ್ತ ಬಾಗಿ ನೋಡಿದವರು ಇರಲಿಲ್ಲವೆಂದಲ್ಲ: ಅರಣ್ಯಶಾಸ್ತ್ರಜ್ಞ ಆರ್. ಎಸ್. ಟ್ರೂಪ್ 1921ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭಾರತೀಯ ವೃಕ್ಷಗಳ ಸಂವರ್ಧನೆಯನ್ನು ಕುರಿತ ಮಹಾಗ್ರಂಥದಲ್ಲಿ ಹಿಮಾಲಯದ ಶಂಕುಧಾರಿಗಳ ಎಳೆಸಸಿಗಳನ್ನು ಬೆಳವಣಿಗೆಯ ಹಂತಗಳ ಸಮೇತ ವರ್ಣಿಸಿದ್ದಾನೆ. ಆದರೂ ಬೀಜಶಯ್ಯೆಯೇ ಪ್ರತ್ಯೇಕ ಅಧ್ಯಯನದ ವಿಷಯವಾಗಿ ನಿಂತುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. 1954ರಲ್ಲಿ ಕೊರೊಲೆಫ್ ಎಂಬ ಅರಣ್ಯವಿಜ್ಞಾನಿ ತರಗೆಲೆಯನ್ನು ಸಸಿಗಳ ಕೊಲೆಗಾರನೆಂದೇ ಹೆಸರಿಸಿ ಲೇಖನ ಬರೆದನು. ಮರುವರ್ಷ, 1955ರಲ್ಲಿ, ಐ. ಸಿ. ಎಂ. ಪ್ಲೇಸ್ ಎಂಬಾತನು ಸ್ಪ್ರೂಸ್ ಮತ್ತು ಬಾಲ್ಸಮ್ ಫರ್‌ಗಳ ಪುನರುತ್ಪತ್ತಿಯ ಮೇಲೆ ಬೀಜಶಯ್ಯೆಯ ಪರಿಣಾಮವನ್ನು ಕುರಿತು ಬರೆದ ಪುಸ್ತಿಕೆಯನ್ನು ಕೆನಡದ ಅರಣ್ಯ ಶಾಖೆ ಹೊರತಂದಿತು. ಇಂದಿಗೂ ಈ ವಿಷಯದಲ್ಲಿ ಕೈಯಿಡುವವರು ಆ ಪುಸ್ತಿಕೆಯಿಂದ ಆರಂಭಿಸುವುದು ಯುಕ್ತ.

ಸಮಸ್ಯೆಯ ಮೂಲವಿರುವುದು ಬೀಜದ ಕಿರಿದುತನದಲ್ಲಿ. ಬಿಳಿ ಸ್ಪ್ರೂಸಿನ ಒಂದು ಬೀಜದ ತೂಕ ಸುಮಾರು 2 ಮಿಲಿಗ್ರಾಂ. ಒಂದು ಕಿಲೋಗ್ರಾಮಿನಲ್ಲಿ ಐದು ಲಕ್ಷದಷ್ಟು ಬೀಜಗಳಿರುತ್ತವೆ. ಇಷ್ಟು ಅಲ್ಪವಾದ ಬುತ್ತಿಯನ್ನು ಕಟ್ಟಿಕೊಂಡು ಹೊರಟ ಅಂಕುರವು ಆಹಾರ ಮುಗಿಯುವುದರೊಳಗೆ ಮೇಲೆ ಬೆಳಕನ್ನೂ ಕೆಳಗೆ ನೀರನ್ನೂ ಮುಟ್ಟಬೇಕು. ಮೊಳಕೆಯನ್ನು ಹತ್ತಿರದಿಂದ ನೋಡಿದರೆ, ನೂಲಿನಷ್ಟು ತೆಳ್ಳಗಿನ ಕೆಂಪುಛಾಯೆಯ ಕಾಂಡವೊಂದು ನೆಲದಿಂದ ಬಾಗಿ ಮೇಲೇಳುತ್ತದೆ. ಅದರ ತುದಿಯಲ್ಲಿ ಬೀಜದ ಒಡಕಲು ಸಿಪ್ಪೆ ಕೆಲವು ದಿನ ಅಂಟಿಕೊಂಡಿದ್ದು, ಅದು ಕಳಚಿದ ಮೇಲೆ ಸೂಜಿಯಂಥ ನಾಲ್ಕಾರು ಬೀಜದಳಗಳು ವೃತ್ತಾಕಾರವಾಗಿ ಹರಡುತ್ತವೆ. ಮೊದಲ ಬೇಸಗೆ ಮುಗಿಯುವ ಹೊತ್ತಿಗೆ ಆ ಸಸಿಯ ಎತ್ತರ ಒಂದೆರಡು ಸೆಂಟಿಮೀಟರು ಮಾತ್ರ; ಬೇರು ಮಾತ್ರ ಬೀಜಶಯ್ಯೆಯ ಗುಣಕ್ಕನುಗುಣವಾಗಿ 2 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ ಇಳಿದಿರುತ್ತದೆ. ಈ ಎರಡು ಅಂಕಿಗಳ ನಡುವಣ ಅಂತರವೇ ಬಹುಮಟ್ಟಿಗೆ ಬದುಕು ಸಾವುಗಳ ಅಂತರ. ಮಳೆ ನಿಂತ ಮೇಲೆ ನೆಲವು ಮೇಲಿನಿಂದ ಕೆಳಕ್ಕೆ ಒಣಗುತ್ತ ಹೋಗುತ್ತದೆ. ಬೇರಿನ ತುದಿ ಆ ಒಣಗಿನ ಸೀಮೆಗಿಂತ ಕೆಳಗೆ ಇರುವಷ್ಟು ಕಾಲ ಸಸಿ ಜೀವಿಸಿರುತ್ತದೆ, ಒಣಗು ಬೇರನ್ನು ಹಿಂದಿಕ್ಕಿದ ದಿನ ಸಾಯುತ್ತದೆ. ಬೀಜಶಯ್ಯೆಯ ಗುಣದೋಷಗಳೆಂದು ನಾವು ಎಣಿಸುವುವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಒಂದು ಸಂಗತಿಗೆ ಬಂದು ಸೇರುತ್ತವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಒಣಗಿನ ಜೊತೆಗೆ ಬರುವುದು ಕಾವು. ಬಿಸಿಲಿಗೆ ತೆರೆದ ಒಣ ಹ್ಯೂಮಸ್, ಎಂದರೆ ಎಲೆಗಳು ಕೊಳೆತು ಕೂಡಿದ ಪದರ, ಕಪ್ಪಗಿರುವುದರಿಂದ ಬಿಸಿಯನ್ನು ಹೀರುತ್ತದೆ, ಉಸಿರುಗಂಡಿಗಳಿಂದ ತುಂಬಿರುವುದರಿಂದ ಆ ಬಿಸಿಯನ್ನು ಕೆಳಕ್ಕೆ ಸಾಗಿಸದೆ ಮೇಲ್ಮೈಯಲ್ಲೇ ಹಿಡಿದಿಡುತ್ತದೆ. ತಂಪಾದ ಉತ್ತರದೇಶದಲ್ಲಿಯೂ ಬೇಸಗೆಯ ನಡುಹಗಲಿನಲ್ಲಿ ಅಂಥ ನೆಲದ ಮೈ ರೊಟ್ಟಿಯ ಹಂಚಿನಂತೆ ಕಾಯ್ದು 50° ಸೆಲ್ಸಿಯಸನ್ನು ದಾಟುವುದುಂಟು. ಆಗ ನೆಲಕ್ಕೆ ತಾಕಿದ ಭಾಗದಲ್ಲಿ ಎಳೆಯ ಕಾಂಡ ಬೆಂದು, ಸೊರಗಿ, ಸಸಿ ಮಗುಚಿಬೀಳುತ್ತದೆ. ಇನ್ನು ಶಿಲೀಂಧ್ರಗಳ ಬಾಧೆ: ಪೈಥಿಯಂ, ಫ್ಯುಸೇರಿಯಂ, ರೈಜೊಕ್ಟೋನಿಯ ಮೊದಲಾದುವು ತರಕಾರಿ ಮಡಿಗಳಲ್ಲಿ ಹೇಗೋ ಹಾಗೆಯೇ ಕಾಡಿನ ತೇವದ ಹ್ಯೂಮಸಿನಲ್ಲಿಯೂ ಸಸಿಯ ಬುಡವನ್ನು ಕೊಳೆಯಿಸುತ್ತವೆ. ಕ್ಯಾಲೊಸೈಫ ಫಲ್ಜೆನ್ಸ್ ಎಂಬುದು ಮೊಳಕೆಯೊಡೆಯುವ ಮುನ್ನವೇ, ತಣ್ಣನೆಯ ತರಗಿನಲ್ಲಿ ಸುಪ್ತಾವಸ್ಥೆಯಲ್ಲಿರುವ ಸ್ಪ್ರೂಸ್ ಬೀಜದೊಳಹೊಕ್ಕು ಅದನ್ನು ಕೊಲ್ಲುತ್ತದೆ.

ಈ ಎಲ್ಲ ದೃಷ್ಟಿಗಳಿಂದ ಪರೀಕ್ಷಿಸಿದಾಗ ಖನಿಜ ಮಣ್ಣು, ಎಂದರೆ ತರಗು ಹಾಗೂ ಹ್ಯೂಮಸಿನ ಹೊದಿಕೆ ಕಳಚಿ ಬಯಲಾದ ಮಣ್ಣು, ಸಣ್ಣ ಬೀಜದ ಶಂಕುಧಾರಿಗಳಿಗೆ ಬಹುಪಾಲು ಪ್ರಯೋಗಗಳಲ್ಲಿ ಶ್ರೇಷ್ಠವಾಗಿ ಕಂಡುಬಂದಿರುವುದು ಆಶ್ಚರ್ಯವಲ್ಲ. ಬೀಜ ಮಣ್ಣಿಗೆ ಅಂಟಿಕೂರುತ್ತದೆ, ಕೆಳಪದರಗಳಿಂದ ನೀರು ಸೂಕ್ಷ್ಮ ಕಂಡಿಗಳ ಮೂಲಕ ಮೇಲೇರಿ ಅದನ್ನು ನೆನೆಯಿಸುತ್ತಿರುತ್ತದೆ, ಮೈ ಅಷ್ಟಾಗಿ ಕಾಯುವುದಿಲ್ಲ, ರೋಗಾಣುಗಳೂ ಕಡಿಮೆ. ಅಲಾಸ್ಕದ ತನಾನ ನದಿಯ ದಂಡೆಗಳಲ್ಲಿ ನೆರೆ ಹೊಸ ಮೆಕ್ಕಲನ್ನು ಹಾಸಿದೆಡೆ ಬಿಳಿ ಸ್ಪ್ರೂಸ್ ನೆಲೆಗೊಳ್ಳುವುದೂ, ಬಿರುಗಾಳಿಗೆ ಬುಡಮೇಲಾದ ಮರದ ಬೇರಿನ ಗಡ್ಡೆ ಎತ್ತಿಹಾಕಿದ ಮಣ್ಣದಿಬ್ಬದ ಮೇಲೆ ಹೆಮ್ಲಾಕ್ ಮತ್ತು ಹಳದಿ ಭೂರ್ಜಗಳ ಸಸಿಗಳು ದಟ್ಟವಾಗಿ ಏಳುವುದೂ ಈ ಕಾರಣದಿಂದಲೇ. ಆದರೆ ಖನಿಜ ಮಣ್ಣು ನಿರ್ದೋಷಿಯೆಂದು ಭಾವಿಸಕೂಡದು. ಜಿನುಗಾದ ಒಂಡುಮಣ್ಣಿನಲ್ಲಿ ಚಳಿಗಾಲದ ಮುನ್ನ ಇರುಳಿನ ಶೈತ್ಯಕ್ಕೆ ನೆಲದ ನೀರು ಸೂಜಿ ಸೂಜಿಯಾಗಿ ಹೆಪ್ಪುಗಟ್ಟಿ ಮೇಲೆದ್ದಾಗ ಒಂದು ವರ್ಷದ ಸಸಿಗಳು ಬೇರುಸಮೇತ ಕಿತ್ತುಬಂದು ನೆಲದ ಮೇಲೆ ಒರಗಿರುತ್ತವೆ. ಬಿರುಮಳೆಗೆ ಸಿಡಿದ ಕೆಸರು ಬೀಜದಳಗಳನ್ನು ಮುಚ್ಚುತ್ತದೆ. ಸಾರಜನಕವೇ ಮೊದಲಾದ ಪೋಷಕಗಳು ಹೆಚ್ಚಾಗಿರುವುದು ಕಳಚಿಹೋದ ಮೇಲ್ಪದರದಲ್ಲಿಯೇ ಆದ್ದರಿಂದ, ಯಾವ ನೆಲ ಮೊಳೆಯುವುದಕ್ಕೆ ಉತ್ತಮವೋ ಅದೇ ನೆಲ ಮುಂದೆ ಬೆಳೆಯುವುದಕ್ಕೂ ಉತ್ತಮವೆಂಬ ನಿಯಮವಿಲ್ಲ. ಈ ಎರಡನ್ನೂ ಒಂದೇ ಎಂದೆಣಿಸಿ ಬುಲ್ಡೋಜರಿನಿಂದ ಆಳವಾಗಿ ಕೆರೆಸಿದ ತಾಣಗಳಲ್ಲಿ ಸಸಿಗಳು ಬಹುಸಂಖ್ಯೆಯಲ್ಲಿ ಎದ್ದು ವರ್ಷಗಟ್ಟಲೆ ಗಿಡ್ಡಾಗಿಯೇ ನಿಂತ ದೃಷ್ಟಾಂತಗಳುಂಟು.

ಮಿಶ್ರಾರಣ್ಯದ ವೈಶಿಷ್ಟ್ಯ ಪ್ರಕಟವಾಗುವುದು ತರಗೆಲೆಯ ವಿಷಯದಲ್ಲಿ. ಮಲೆನಾಡಿನಲ್ಲಿ ದರಕೆಂದು ಕರೆದು ತೋಟಕ್ಕೂ ಕೊಟ್ಟಿಗೆಗೂ ಒಟ್ಟುವ ಈ ಸಾಮಗ್ರಿ ಕೃಷಿಕನ ಪಾಲಿಗೆ ಸಂಪತ್ತು. ಸ್ಪ್ರೂಸಿನ ಮೊಳಕೆಯ ಪಾಲಿಗೆ ಅದು ಎರಡು ಬಗೆಯ ವಿಪತ್ತು. ಬೀಜ ಎಲೆಯ ಮೇಲೆ ಬಿದ್ದರೆ ಬೇರು ಒಣಗುವ ಪದರಗಳ ನಡುವೆ ಅಡ್ಡಾದಿಡ್ಡಿಯಾಗಿ ಅಲೆದು ಮಣ್ಣನ್ನು ಮುಟ್ಟದೆ ಸಾಯುತ್ತದೆ. ಬೀಜ ಎಲೆಯ ಕೆಳಗೆ ಸೇರಿ ಮೊಳೆತರೆ ಅಗಲವಾದ ಎಲೆಗಳು ಒಂದಕ್ಕೊಂದು ಅಂಟಿ ಹಲಗೆಯಾಗಿರುವುದರಿಂದ ನೂಲಿನಂಥ ಕಾಂಡಕ್ಕೆ ಅದನ್ನು ತೂರಿ ಬರುವ ಬಲವಿಲ್ಲ. ಇವೆರಡನ್ನೂ ಗೆದ್ದು ನಿಂತ ಸಸಿಗೂ ಶರತ್ಕಾಲದಲ್ಲಿ ಮತ್ತೊಂದು ಗಂಡಾಂತರ ಕಾದಿರುತ್ತದೆ: ಆಸ್ಪೆನ್ ಮರಗಳು ಒಂದೆರಡು ವಾರಗಳಲ್ಲಿ ಎಲೆಯೆಲ್ಲವನ್ನೂ ಸುರಿಸುತ್ತವೆ, ಮಳೆ ಅವನ್ನು ನೆನೆಯಿಸುತ್ತದೆ, ಮೇಲೆ ಬಿದ್ದ ಹಿಮದ ಭಾರ ಅವನ್ನು ಚಪ್ಪಟೆಯಾಗಿ ಒತ್ತುತ್ತದೆ, ಒಂದೆರಡು ಸೆಂಟಿಮೀಟರ್ ಎತ್ತರದ ಸಸಿ ಅದರಡಿ ಮಲಗಿದುದು ವಸಂತದಲ್ಲಿ ಮತ್ತೆ ಏಳುವುದಿಲ್ಲ. ಕೊರೊಲೆಫ್ ಗಮನ ಸೆಳೆದುದು ಮುಖ್ಯವಾಗಿ ಈ ಸಂಗತಿಯ ಕಡೆಗೆ. ಕಾಡಿನಲ್ಲಿ ಸ್ಪ್ರೂಸ್ ಸಸಿ ಕಾಣದಿದ್ದಾಗ ಬೀಜ ಬೀಳಲಿಲ್ಲವೆಂದೋ ನೆರಳು ಹೆಚ್ಚಾಯಿತೆಂದೋ ತೀರ್ಮಾನಿಸುತ್ತಿದ್ದವರು ಹಿಮ ಕರಗಿದೊಡನೆ ಎಲೆಗಳನ್ನೆತ್ತಿ ನೋಡಿದ್ದರೆ ಕಾರಣ ಅಲ್ಲಿಯೇ ಸಿಕ್ಕುತ್ತಿತ್ತು.

ಬಾಲ್ಸಮ್ ಫರ್ ಈ ವಿಷಯದಲ್ಲಿ ಭಾಗ್ಯಶಾಲಿ. ಅದರ ಬೀಜ ಬಿಳಿ ಸ್ಪ್ರೂಸಿನ ಬೀಜಕ್ಕಿಂತ ಮೂರು ನಾಲ್ಕು ಪಟ್ಟು ತೂಗುತ್ತದೆ. ಮೊಳಕೆಯ ಕಾಂಡ ದಪ್ಪ, ಬೇರು ಚುರುಕು. ಆದುದರಿಂದ ಸ್ಪ್ರೂಸ್ ಸೋಲುವ ಹ್ಯೂಮಸಿನಲ್ಲಿಯೂ ಫರ್ ನೆಲೆಯೂರಿ, ನೆರಳನ್ನು ಸಹಿಸಿಕೊಂಡು, ಮೇಲಣ ಮರ ಬೀಳುವ ತನಕ ದಶಕಗಳ ಕಾಲ ಕಾದಿರಬಲ್ಲದು. ಒಂದೇ ಕಾಡಿನಲ್ಲಿ ಬೀಜ ಉದುರಿಸುವ ಎರಡು ಮರಗಳ ಪೈಕಿ ಕೆಳಗೆ ಒಂದರ ಸಸಿಗಳೇ ತುಂಬಿರುವುದನ್ನು ಕಂಡು ಬೆರಗಾಗುವವರಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಬೇಕಾಗಿಲ್ಲ.

ಅಗಲೆಲೆಯ ಮರವನ್ನು ಕೇವಲ ಶತ್ರುವೆಂದು ಬಗೆಯುವುದು ಅನ್ಯಾಯ. ಅಪ್ಪಟ ಸ್ಪ್ರೂಸ್ ಕಾಡಿನಲ್ಲಿ ಸೂಜಿಯೆಲೆಗಳು ಆಮ್ಲೀಯವಾದ, ಬೇಗ ಕಳಿಯದ ದಪ್ಪ ಹ್ಯೂಮಸಾಗಿ ಕೂಡಿಕೊಳ್ಳುತ್ತವೆ. ಆಸ್ಪೆನ್ ಬೆರೆತಾಗ ಅದರ ಎಲೆಯ ಸುಣ್ಣದ ಅಂಶ ಆಮ್ಲತೆಯನ್ನು ತಗ್ಗಿಸಿ, ಎರೆಹುಳು ಮೊದಲಾದ ಜೀವಿಗಳಿಗೆ ಆಶ್ರಯವಿತ್ತು, ಆ ಪದರವನ್ನು ತೆಳ್ಳಗಿರಿಸುತ್ತದೆ. ವರ್ಷದ ಲೆಕ್ಕದಲ್ಲಿ ಸಸಿಯನ್ನು ಕೊಲ್ಲುವ ಎಲೆಯೇ ಶತಮಾನದ ಲೆಕ್ಕದಲ್ಲಿ ನೆಲವನ್ನು ಸಾಕುತ್ತದೆ. ಆದಕಾರಣ ಶಂಕುಧಾರಿಗಳ ಹಿತಕ್ಕಾಗಿ ಅಗಲೆಲೆಯ ಮರಗಳನ್ನು ನಿರ್ಮೂಲಮಾಡುವ ನೀತಿ, ಅನೇಕ ದೇಶಗಳಲ್ಲಿ ಬಹುಕಾಲ ಆಚರಣೆಯಲ್ಲಿದ್ದುದು, ಅರಣ್ಯದ ಹಿತವನ್ನು ಸಾಧಿಸಿತೆಂದು ಒಪ್ಪುವುದು ಕಷ್ಟ.

ಎಲೆಯ ಈ ಹೊದಿಕೆಯಿಂದ ಸಸಿಯನ್ನು ಎತ್ತಿಹಿಡಿಯುವುದು ಬಿದ್ದ ಮರ. ದಿಮ್ಮಿಯ ಗುಂಡನೆಯ ಬೆನ್ನಿನ ಮೇಲೆ ತರಗೆಲೆ ನಿಲ್ಲದೆ ಜಾರಿಹೋಗುತ್ತದೆ. ಒಳಗಣ ಕೊಳೆತ ತಿರುಳು ನೀರನ್ನು ಹೀರಿಕೊಂಡು ಬೇಸಗೆಯುದ್ದಕ್ಕೂ ತೇವವಾಗಿರುತ್ತದೆ. ಕ್ವಿಬೆಕ್ ಪ್ರಾಂತದ ವಾಯವ್ಯಕ್ಕಿರುವ ಡುಪಾರ್ಕೆ ಸರೋವರದ ಸುತ್ತಣ ಕಾಡುಗಳಲ್ಲಿ ಸಿಮಾರ್, ಬೆರ್ಜೆರಾನ್ ಮತ್ತು ಸಿರ್ವಾ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಸಣ್ಣ ಬೀಜದ ಶಂಕುಧಾರಿಗಳಿಗೆ ಇಂಥ ಕೊಳೆತ ಮರದ ಮಹತ್ತ್ವವನ್ನು ಎತ್ತಿತೋರಿಸಿತು. ಪೆಸಿಫಿಕ್ ತೀರದ ಒರೆಗಾನ್ ಮತ್ತು ವಾಷಿಂಗ್ಟನ್ ಸಂಸ್ಥಾನಗಳ ಸಿಟ್ಕ ಸ್ಪ್ರೂಸ್ ಹಾಗೂ ಹೆಮ್ಲಾಕ್ ಕಾಡುಗಳಲ್ಲಿಯಂತೂ ಇದು ಪರಾಕಾಷ್ಠೆಗೆ ಮುಟ್ಟಿದೆ: ಹಾರ್ಮನ್ ಮತ್ತು ಫ್ರಾಂಕ್ಲಿನ್ 1989ರಲ್ಲಿ ವರದಿಮಾಡಿದಂತೆ, ನೆಲದ ಶೇ. 6ರಿಂದ 11ರಷ್ಟನ್ನು ಮಾತ್ರ ಆವರಿಸಿದ್ದ ದಿಮ್ಮಿಗಳ ಮೇಲೆ ಒಟ್ಟು ಮರದ ಸಸಿಗಳ ಪೈಕಿ ಶೇ. 94ರಿಂದ 98ರಷ್ಟು ಬೆಳೆದಿದ್ದವು. ಅಲ್ಲಿ ಮಳೆ ಧಾರಾಳವಾದುದರಿಂದ ನೀರಿನ ಅಭಾವವಿಲ್ಲ. ನೆಲದ ಮೇಲಣ ಹಾವಸೆ ಮತ್ತು ಸಣ್ಣ ಗಿಡಗಳ ಪೈಪೋಟಿಯೇ ಸಸಿಗಳನ್ನು ದಿಮ್ಮಿಗೆ ಹತ್ತಿಸಿದೆಯೆಂದು ಅವರು ಪ್ರಯೋಗದಿಂದ ತೋರಿಸಿದರು. ಇಂಥ ಕಾಡಿನಲ್ಲಿ ದೊಡ್ಡ ಮರಗಳು ನೂಲು ಹಿಡಿದಂತೆ ಒಂದೇ ಸಾಲಿನಲ್ಲಿ ನಿಂತಿರುವುದನ್ನೂ, ಅವುಗಳ ಬೇರುಗಳು ನೆಲದಿಂದ ಮೇಲೆ ಕಮಾನಿನಂತೆ ಎದ್ದು ಅಡಿಯಲ್ಲಿ ಬರಿದಾಗಿರುವುದನ್ನೂ ನೋಡಬಹುದು. ಆ ಬರಿದು ಜಾಗ, ಎಂದೋ ಕರಗಿಹೋದ ದಿಮ್ಮಿ ಇದ್ದ ಸ್ಥಳ.

ಹೊಕ್ಕೈಡೊದಲ್ಲಿ ದಿಮ್ಮಿಯ ಉಪಕಾರಕ್ಕೆ ಇನ್ನೆರಡು ಕಾರಣಗಳು ಸೇರಿವೆ. ಸಾಸಾ ಎಂಬ ಕುಳ್ಳಬಿದಿರು ನೆಲವನ್ನು ಆಳೆತ್ತರಕ್ಕೆ ಹೆಣೆದುಕೊಂಡಿರುತ್ತದೆ. ಆರುತಿಂಗಳ ಹಿಮದಡಿಯಲ್ಲಿ ರಾಕೋಡಿಯಂ ಎಂಬ ಕಪ್ಪು ಶಿಲೀಂಧ್ರ ಮಣ್ಣಿನ ಮೇಲಣ ಯೆಜೊ ಸ್ಪ್ರೂಸಿನ ಬೀಜಗಳನ್ನೂ ಸಸಿಗಳನ್ನೂ ನಾಶಮಾಡುತ್ತದೆ. ದಿಮ್ಮಿಯ ಮೇಲೆ ಈ ಎರಡರ ಹಾವಳಿಯೂ ಕಡಿಮೆ. ಸಾಸಾವನ್ನು ಬೇರುಸಹಿತ ಕಿತ್ತು ನೆಲವನ್ನು ಬಯಲುಮಾಡುವ ಯಂತ್ರಕ್ರಮ 1960ರ ದಶಕದಿಂದೀಚೆಗೆ ಅಲ್ಲಿ ಬಳಕೆಗೆ ಬಂದಿದ್ದರೂ, ಹಾಗೆ ತೆರೆದ ಮಣ್ಣನ್ನು ಹೆಚ್ಚಾಗಿ ಆಕ್ರಮಿಸಿದುದು ಗಾಳಿಯಲ್ಲಿ ಧೂಳಿನಂತೆ ತೇಲಿಬರುವ ಭೂರ್ಜದ ಬೀಜಗಳೇ ಹೊರತು ಸ್ಪ್ರೂಸ್ ಅಲ್ಲ. ಸಿದ್ಧವಾದ ಶಯ್ಯೆ ಮೊದಲು ಬಂದವರಿಗೆ ಸಲ್ಲುತ್ತದೆ.

ಹಾವಸೆಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ದಿಮ್ಮಿಯ ಮೇಲಣ ತೆಳು ಹಾವಸೆ ಬೀಜಕ್ಕೆ ಹಿತ. ಶಂಕುಧಾರಿ ಕಾಡಿನ ನೆಲದ ಗರಿಹಾವಸೆಯ ದಪ್ಪ ಮೆತ್ತೆ ಮಳೆ ನಿಂತ ಕೆಲವೇ ದಿನಗಳಲ್ಲಿ ಗರಿಗರಿಯಾಗಿ ಒಣಗುವುದರಿಂದ ಅಹಿತ. ಜೌಗಿನ ಸ್ಫ್ಯಾಗ್ನಂ ಸದಾ ನೆನೆದಿರುವುದರಿಂದ ಕಪ್ಪು ಸ್ಪ್ರೂಸನ್ನು ಚೆನ್ನಾಗಿ ಮೊಳೆಯಿಸುತ್ತದೆ, ಆದರೆ ಸಸಿಗಿಂತ ತಾನೇ ಬೇಗ ಬೆಳೆದು ಅದನ್ನು ಹೂಳಿಬಿಡುವುದೂ ಉಂಟು.

ಉತ್ತರದ ಕಾಡುಗಳಲ್ಲಿ ಬೀಜಶಯ್ಯೆಯನ್ನು ಹೊಸದಾಗಿ ಸಿದ್ಧಪಡಿಸುವ ಮಹಾಶಕ್ತಿಯೆಂದರೆ ಬೆಂಕಿ. ಜನರು ಜ್ವಾಲೆಯ ಎತ್ತರವನ್ನು ಕಂಡು ಬೆಂಕಿಯ ಉಗ್ರತೆಯನ್ನು ಅಳೆಯುತ್ತಾರೆ. ಸಸಿಗಳ ಭವಿಷ್ಯವನ್ನು ನಿರ್ಧರಿಸುವುದು ಜ್ವಾಲೆ ಮುಂದಕ್ಕೆ ಹೋದ ಮೇಲೆ ಹ್ಯೂಮಸಿನಲ್ಲಿ ದಿನಗಟ್ಟಲೆ ಹೊಗೆಯಾಡುವ ಕುಮುಲು ಬೆಂಕಿ. ಅದು ಆಳಕ್ಕೆ ಇಳಿದೆಡೆ ಮಣ್ಣು ಬಯಲಾಗುತ್ತದೆ. ಮೇಲ್ಮೈಯನ್ನಷ್ಟೇ ಸುಟ್ಟೆಡೆ ಕಪ್ಪಾದ, ಒಣ, ಬೇಗ ಕಾಯುವ ಪದರ ಉಳಿಯುತ್ತದೆ, ಅದಕ್ಕಿಂತ ಕೆಟ್ಟ ಶಯ್ಯೆ ವಿರಳ. ಅಲಾಸ್ಕದಲ್ಲಿ 2004ರಲ್ಲಿ ಸುಮಾರು 27 ಲಕ್ಷ ಹೆಕ್ಟೇರ್ ಪ್ರದೇಶ ಸುಟ್ಟಿತು. ಅಲ್ಲಿಯ ಕಾಡುಗಳಲ್ಲಿ ನಡೆದ ಸಂಶೋಧನೆಗಳಿಂದ ತಿಳಿದುಬಂದಿರುವುದೇನೆಂದರೆ, ಸಾವಯವ ಪದರ ದಪ್ಪವಾಗಿ ಉಳಿದ ಎಡೆಗಳಲ್ಲಿ ಕಪ್ಪು ಸ್ಪ್ರೂಸ್ ಮತ್ತೆ ತಾನೇ ಬರುತ್ತದೆ. ಆಳವಾಗಿ ಸುಟ್ಟ ಎಡೆಗಳಲ್ಲಿ ಆಸ್ಪೆನ್ನಿನ ಮತ್ತು ಭೂರ್ಜದ ಅತಿಸೂಕ್ಷ್ಮ ಬೀಜಗಳಿಗೂ ಪ್ರವೇಶ ದೊರೆತು ಶಂಕುಧಾರಿಯ ಕಾಡು ಅಗಲೆಲೆಯ ಕಾಡಾಗಿ ಮಾರ್ಪಡುತ್ತದೆ. ಕೆಲವು ಸೆಂಟಿಮೀಟರ್ ಹ್ಯೂಮಸಿನ ವ್ಯತ್ಯಾಸದಿಂದ ನೂರು ವರ್ಷಗಳ ಕಾಡಿನ ಜಾತಿ ಬದಲಾಗುವ ಈ ಸಂಗತಿ, ಭೂಮಿ ಬಿಸಿಯೇರುತ್ತ ಬೆಂಕಿಗಳು ಆಳಕ್ಕಿಳಿಯುತ್ತಿರುವ ಈ ಕಾಲದಲ್ಲಿ, ಅರಣ್ಯಶಾಸ್ತ್ರದ ಅತ್ಯಂತ ಗಂಭೀರ ಪ್ರಶ್ನೆಗಳಲ್ಲೊಂದು.

ಶಯ್ಯೆ ಸಿದ್ಧವಾದಾಗ ಬೀಜವೂ ಇರಬೇಕಷ್ಟೆ. ಜಾಕ್ ಪೈನ್ ತನ್ನ ಶಂಕುಗಳನ್ನು ರಾಳದಿಂದ ಮುಚ್ಚಿಟ್ಟು ಮುಖ್ಯವಾಗಿ ಬೆಂಕಿಯ ಕಾವಿಗೆ ಬಿಚ್ಚುವುದರಿಂದ ಅದಕ್ಕೆ ಈ ಚಿಂತೆಯಿಲ್ಲ. ಬಿಳಿ ಸ್ಪ್ರೂಸಿಗೆ ಅಂಥ ಉಗ್ರಾಣವಿಲ್ಲ; ಸಮೃದ್ಧವಾಗಿ ಬೀಜವಾಗುವ ವರ್ಷಗಳು ಹಲವು ವರ್ಷಗಳಿಗೊಮ್ಮೆ ಬರುತ್ತವೆ, ಸುಟ್ಟ ಅಥವಾ ಕೆರೆದ ನೆಲವೋ ಕೆಲವೇ ವರ್ಷಗಳಲ್ಲಿ ಹುಲ್ಲಿನಿಂದಲೂ ಎಲೆಯಿಂದಲೂ ಮುಚ್ಚಿಕೊಳ್ಳುತ್ತದೆ. ಪೀಟರ್ಸ್, ಮ್ಯಾಕ್‌ಡೊನಾಲ್ಡ್ ಮತ್ತು ಡೇಲ್ 2005ರಲ್ಲಿ ತೋರಿಸಿಕೊಟ್ಟಂತೆ, ಬೆಂಕಿಯ ವರ್ಷವೂ ಬೀಜದ ವರ್ಷವೂ ಒಂದಾದೆಡೆ ಸ್ಪ್ರೂಸ್ ಹೇರಳವಾಗಿ ನೆಲೆಗೊಂಡಿರುತ್ತದೆ. ಮರ ಕಡಿದ ನಂತರ ಹಬ್ಬುವ ಕ್ಯಾಲಮಗ್ರಾಸ್ಟಿಸ್ ಹುಲ್ಲಿನ ಒಣದಬ್ಬೆ ನೆಲವನ್ನು ಮುಚ್ಚಿ ವಸಂತದಲ್ಲಿ ಮಣ್ಣು ಬೆಚ್ಚಗಾಗದಂತೆ ತಡೆಯುತ್ತದೆ. ನೆಲ ಕೆರೆಯುವ ಕಾರ್ಯವನ್ನು ಬೀಜದ ವರ್ಷದ ಬೇಸಗೆಯಲ್ಲಿ, ಬೀಜ ಉದುರುವ ಮುನ್ನವೇ, ತಾಯಿಮರಗಳ ಸನಿಹದಲ್ಲಿ ತುಣುಕು ತುಣುಕಾಗಿ ಮಾಡತಕ್ಕದ್ದೆಂಬುದು ಅನುಭವಿಗಳ ಸಲಹೆ.

ಹಿಮಾಲಯದಲ್ಲಿ ಸುಮಾರು 2,100ರಿಂದ 3,300 ಮೀಟರ್ ಎತ್ತರದ ನಡುವೆ ಹಬ್ಬಿರುವ ಫರ್ ಮತ್ತು ಸ್ಪ್ರೂಸ್ ಕಾಡುಗಳಲ್ಲಿ ಮುದಿಮರಗಳು ವೈಭವದಿಂದ ನಿಂತಿದ್ದು ಕೆಳಗೆ ಸಸಿಗಳೇ ಇಲ್ಲದಿರುವ ಸ್ಥಿತಿ ಬ್ರಿಟಿಷರ ಕಾಲದಿಂದಲೂ ಅರಣ್ಯಾಧಿಕಾರಿಗಳನ್ನು ಕಾಡಿದೆ. ಇಲ್ಲಿಯೂ ದೋಷ ನೆಲದ್ದು. ದಪ್ಪವಾದ, ಅರೆಕಳಿತ ಹ್ಯೂಮಸಿನಲ್ಲಿ ವಸಂತದ ಹಿಮದ ನೀರಿಗೆ ಬೀಜ ಮೊಳೆಯುತ್ತದೆ. ಮುಂಗಾರಿಗೆ ಮುಂಚಿನ ಮೇ ಜೂನ್ ತಿಂಗಳ ಒಣಹವೆಗೆ ಆ ಪದರ ಆರುತ್ತದೆ. ನಿಧಾನವಾಗಿ ಬೇರಿಳಿಸುವ ಇಲ್ಲಿಯ ಫರ್ ಸಸಿ ಮಣ್ಣನ್ನು ಮುಟ್ಟುವ ಮೊದಲೇ ಸಾಯುತ್ತದೆ. ಬದುಕಿದುವುಗಳ ಮೇಲೆ ಮಳೆಗಾಲದಲ್ಲಿ ಕರ್ಣಕುಂಡಲದ ಜಾತಿಯ ಗಿಡಗಳೂ ಜರೀಗಿಡಗಳೂ, ನಮ್ಮ ಬಾಬಾಬುಡನ್‌ಗಿರಿಯ ಕುರಿಂಜಿಯ ಕುಲಕ್ಕೇ ಸೇರಿದ ಸ್ಟ್ರೊಬೈಲಾಂತಸ್ ಪೊದೆಗಳೂ ಎದ್ದು ಕವಿಯುತ್ತವೆ, ಮತ್ತು ಚಳಿಗಾಲದಲ್ಲಿ ಅವೇ ಒಣಗಿ ಹಿಮದೊಡನೆ ಸಸಿಗಳ ಮೇಲೆ ಮಲಗುತ್ತವೆ. ಮಿತವಾಗಿ ದನ ಮೇಯಿಸುವುದು ಹ್ಯೂಮಸನ್ನು ಕಲಕಿ ಕಳೆಯನ್ನು ತಗ್ಗಿಸಿ ಉಪಕರಿಸುವುದೆಂದೂ, ಮಿತಿಮೀರಿದ ಮೇಯಿಸುವಿಕೆ ಸಸಿಗಳನ್ನು ತುಳಿದು ನೆಲವನ್ನು ಗಟ್ಟಿಮಾಡುವುದೆಂದೂ ಅನುಭವಸ್ಥರು ಹೇಳುತ್ತ ಬಂದಿದ್ದಾರೆ. ಎರಡೂ ನಿಜವಾಗಿರುವುದರಿಂದಲೇ ಅಲ್ಲಿಯ ಅಲೆಮಾರಿ ಪಶುಪಾಲಕರಾದ ಗುಜ್ಜರರ ಎಮ್ಮೆಗಳನ್ನು ಕುರಿತ ವಿವಾದ ಇಂದಿಗೂ ಇತ್ಯರ್ಥವಾಗಿಲ್ಲ.

ದೇವದಾರಿನ ವೃತ್ತಾಂತ ಇದಕ್ಕಿಂತ ಆಶಾದಾಯಕ. ಅದರ ಶಂಕುಗಳು ಅಕ್ಟೋಬರ್ ನವೆಂಬರಿನಲ್ಲಿ ಮರದ ಮೇಲೆಯೇ ಬಿಡಿಬಿಡಿಯಾಗಿ ಕಳಚಿ ಬೀಜವನ್ನು ಉದುರಿಸುತ್ತವೆ. ಎಣ್ಣೆಯಂಶ ತುಂಬಿದ ಆ ದೊಡ್ಡ ಬೀಜ ಹಿಮದಡಿ ಚಳಿಗಾಲವನ್ನು ಕಳೆದು, ಹಿಮ ಕರಗುತ್ತಲೇ ಮೊಳೆತು, ಬಿಸಿಲು ಬಲಿಯುವುದರೊಳಗೆ ನೀಳವಾದ ತಾಯಿಬೇರನ್ನು ಇಳಿಸಿಬಿಡುತ್ತದೆ. ಆದರೂ ದಪ್ಪ ಹ್ಯೂಮಸಿನಲ್ಲಿ ಅದೂ ಸೋಲುತ್ತದೆ. ಕಡಿದ ರೆಂಬೆಕೊಂಬೆಗಳನ್ನು ಒಟ್ಟಿ ಸುಟ್ಟ ಜಾಗಗಳಲ್ಲಿ ಅದರ ಸಸಿಗಳು ಗುಂಪುಗುಂಪಾಗಿ ಏಳುವುದನ್ನು ಕಂಡು ಕಸವನ್ನು ಸುಡುವ ಪದ್ಧತಿ ರೂಢಿಗೆ ಬಂದಿತು. ಭೂಕುಸಿತದಿಂದ ಬರಿದಾದ ಇಳಿಜಾರಿನಲ್ಲಿ ಮಾತ್ರ ದೇವದಾರಿಗಿಂತ ಮೊದಲು ಹಗುರವಾದ ರೆಕ್ಕೆಬೀಜದ ಕೈಲ್ ಪೈನ್ ಬಂದು ನೆಲೆಗೊಳ್ಳುತ್ತದೆ. ಅದರ ಸೂಜಿಯೆಲೆಗಳು ಕಲ್ಲುಮಣ್ಣಿನ ಮೇಲೆ ತೆಳ್ಳನೆಯ ಹಾಸನ್ನು ಹಾಸಿ, ಅದರ ವಿರಳವಾದ ನೆರಳು ನಡುಹಗಲಿನ ಕಾವನ್ನು ತಗ್ಗಿಸಿದ ಮೇಲೆ, ಮೇಲ್ಬದಿಯ ದೇವದಾರುಗಳಿಂದ ಬಿದ್ದ ಬೀಜಗಳು ಕೈಲ್ ಮರಗಳ ಬುಡದಲ್ಲಿ ಮೊಳೆಯಲಾರಂಭಿಸುತ್ತವೆ.